ಎಡಗೈಯ ಖಬರು, ಬಲಗೈಯ ರೂಢಿ

ಈ ಸಲ ಅಡಗಿ ಅಲ್ಲ, ಹಬ್ಬ ಅಲ್ಲ, ಕೈ ಬಗ್ಗೆ ಬರೀಬೇಕಂತ ಮಾಡೇನಿ. ಅದೂ ಎಡಗೈ ಬಗ್ಗೆ. ನಮ್ಮ ಮಾತಿನಾಗ ಬಲಗೈಗೆ ಇರೋ ಮರ್ಯಾದಿ ಎಡಗೈಗೆ ಎಂದೂ ಸಿಕ್ಕಿಲ್ಲ ನೋಡ್ರಿ. ಹೊಸಾ ಸೊಸಿ ಬಲಗಾಲಿಟ್ಟು ಒಳಗ ಬರಬೇಕು. ಪ್ರಸಾದ ಬಲಗೈಯಾಗ ತಗೋಬೇಕು. ನಂಬಿಕಿ ಮನುಷ್ಯಾ ಇದ್ರ ಅವಾ ‘ಬಲಗೈ ಬಂಟ’. ಕೆಲಸ ಕೆಟ್ರ ‘ಎಡವಟ್ಟು’, ಯಾವುದಕ್ಕೂ ಹೊಂದದಾಂವ ‘ಎಡಬಿಡಂಗಿ’, ಮುಂಜಾನೆ ಮುಂಜಾನೆ ಮಾರಿ ಗಂಟು ಹಾಕ್ಕೊಂಡಾಕಿಗೆ ‘ಎಡಮಗ್ಗಲಾಗ ಎದ್ದೀ ಏನು’ ಅಂತ ಕೇಳ್ತೇವಿ.

ಪೂಜಿ, ಊಟದ ಶಾಸ್ತ್ರಕ್ಕ ನಂದೇನೂ ತಕರಾರಿಲ್ಲ. ಆದ್ರ ಈ ಮಾತು ಕೇಳಿ ಕೇಳಿ, ಎಡಗೈ ಅಂದ್ರ ಖಬರಿಲ್ಲದ ಕೈ, ಬಲಗೈ ಅಂದ್ರ ಎಲ್ಲಾ ತಿಳಿದ ಕೈ ಅಂತ ನಮ್ಮ ಮನಸಿನಾಗ ಕೂತುಬಿಟ್ಟದ. ಅದು ಖರೆ ಅಲ್ಲ. ಮುಟ್ಟಿ ತಿಳಕೊಳ್ಳೋ ವಿಷಯದಾಗ ಎರಡೂ ಕೈ ಹತ್ತಿರ ಹತ್ತಿರ ಸರಿಸಮ. ಇಷ್ಟು ಗೊತ್ತಿದ್ರ ಸಾಕು, ಎಷ್ಟೋ ಮನ್ಯಾಗ ಒಂದು ಕೈ, ಒಂದು ಕಾಲು ಉಳೀತದ. ಹೆಂಗಂತ ಮುಂದ ಹೇಳ್ತೇನಿ.

ಮೊದಲಿಗೆ ಎರಡು ಮಾತು ಬ್ಯಾರೆ ಬ್ಯಾರೆ ಮಾಡಿ ಇಟ್ಟುಕೊಳ್ಳೋಣ. ಒಂದು, ಕೆಲಸ ಮಾಡೋ ಚಾತುರ್ಯ. ಇನ್ನೊಂದು, ಮುಟ್ಟಿದ್ದನ್ನ ತಿಳಕೊಳ್ಳೋ ಖಬರು. ಸೂಜಿಗೆ ದಾರ ಪೋಣಿಸೋದು, ರಂಗೋಲಿ ಎಳಿ ಬಿಡೋದು, ಹೋಳಿಗಿ ತಟ್ಟೋದು ಇದೆಲ್ಲಾ ಚಾತುರ್ಯ. ಇದರಾಗ ರೂಢಿ ಇದ್ದ ಕೈ ಗೆಲ್ಲತದ. ಆದ್ರ ಕಣ್ಣು ಮುಚ್ಚಿದಾಗ ಬೆರಳಿಗೆ ತಾಗಿದ್ದು ಹತ್ತಿನೋ ಉಣ್ಣೆನೋ, ಒಂದು ಕಡ್ಡಿನೋ ಎರಡು ಕಡ್ಡಿನೋ, ತಣ್ಣಗದನೋ ಬೆಚ್ಚಗದನೋ ಅನ್ನೋದು ಖಬರು. ಇದು ಚರ್ಮ, ನರ, ಮಿದುಳು ಮೂರೂ ಕೂಡಿ ಮಾಡೋ ಕೆಲಸ. ಎಡಗೈ ಸುದ್ದಿ ಮಿದುಳಿನ ಬಲಭಾಗಕ್ಕ ಹೋಗ್ತದ, ಬಲಗೈ ಸುದ್ದಿ ಎಡಭಾಗಕ್ಕ. ದಾರಿ ಬ್ಯಾರೆ, ಸುದ್ದಿ ಮುಟ್ಟಿಸೋದು ಎರಡೂ ನೆಟ್ಟಗ ಮುಟ್ಟಿಸ್ತಾವ.

ಈ ಖಬರನ್ನ ಮೊದಲು ಸರಿಯಾಗಿ ಅಳತಿ ಮಾಡಿದಾಂವ ಜರ್ಮನಿಯ ಲೈಪ್‌ಜಿಗ್ ಊರಿನ ಅರ್ನ್ಸ್ಟ್ ಹೈನ್ರಿಕ್ ವೇಬರ್ ಅನ್ನೋ ಪಂಡಿತ. 1834ರಾಗ ಅವನ ಪುಸ್ತಕ ಬಂತು. ಅವನ ಉಪಾಯ ಭಾಳ ಸಾದಾ. ಮಕ್ಕಳ ಕಂಪಾಸ್ ಪೆಟ್ಟಿಗ್ಯಾಗ ಇರತದಲ್ಲ, ಹಂಥಾ ಎರಡು ಮೊನಿಯ ಸಾಮಾನು ತಗೊಂಡು ಚರ್ಮದ ಮ್ಯಾಲೆ ಹಗೂರಕ ಇಡೋದು, ‘ಒಂದೋ, ಎರಡೋ’ ಅಂತ ಕೇಳೋದು. ಬೆರಳ ತುದಿಗೆ ಎರಡು ಮಿಲಿಮೀಟರ್ ಅಂತರ ಇದ್ರೂ ಎರಡು ಅಂತ ಗೊತ್ತಾಗ್ತದ. ಅಂಗೈಗೆ ಸುಮಾರು ಒಂದು ಸೆಂಟಿಮೀಟರ್ ಬೇಕು. ಬೆನ್ನಿಗೆ ನಾಲ್ಕು ಸೆಂಟಿಮೀಟರ್ ದೂರ ಇಟ್ರೂ ಒಂದಽ ಅನಸ್ತದ. ತುರುಬಿಗೆ ಹಾಕೋ ಯು-ಪಿನ್ ತಗೊಂಡು ಮಕ್ಕಳ ಕೂಡ ಈ ಆಟ ಆಡಿ ನೋಡ್ರಿ, ನಕ್ಕು ಸಾಕಾಗ್ತದ. ಹಗೂರಕ ಅಷ್ಟಽ, ಚುಚ್ಚಬ್ಯಾಡ್ರಿ.

ಆವತ್ತಿನಿಂದ ಇವತ್ತಿನ ತನಕ ಎಷ್ಟೋ ಮಂದಿ ಎಡ-ಬಲ ಕೈ ಇಟ್ಟು ತೂಗಿ ನೋಡ್ಯಾರ. ಕೆಲವರ ಅಳತ್ಯಾಗ ಎಡಗೈ ಗುಂಜಿಯಷ್ಟು ಚುರುಕು ಕಂಡದ, ಕೆಲವರ ಅಳತ್ಯಾಗ ಬಲಗೈ. ಭಾಳಷ್ಟು ಸಲ ಫರಕು ಇಲ್ಲಽ ಇಲ್ಲ ಅನ್ನೋ ಅಷ್ಟು ಸಣ್ಣದು. ಬಲಗೈ ದಿನಾ ದುಡಿದು ದುಡಿದು ಚರ್ಮ ಗಟ್ಟಿ ಆಗಿರತದ, ಭಕ್ಕರಿ ಬಡಿಯೋರ ಅಂಗೈ ಮುಟ್ಟಿ ನೋಡಿದ್ರ ಗೊತ್ತಾಗ್ತದ. ಚರ್ಮ ದಪ್ಪಾದಷ್ಟು ಹಗೂರ ಸ್ಪರ್ಶ ಒಳಗ ಹೋಗೋದು ಕಡಿಮಿ. ಹಿಂಗಾಗಿ ದುಡಿಯೋ ಕೈಗಿಂತ ಕೂತ ಕೈಗೇ ಒಂದೊಂದು ಸಲ ಲಗೂ ಗೊತ್ತಾಗ್ತದ.

ಇನ್ನೊಂದು ನಮಗ ಖುಷಿ ಕೊಡೋ ಸಂಗತಿ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2009ರಾಗ ತೋರಿಸಿಕೊಟ್ರು: ಹೆಣ್ಣುಮಕ್ಕಳ ಬೆರಳ ತುದಿ ಗಂಡಸರ ಬೆರಳಿಗಿಂತ ನಯವಾದ ಗೆರಿ ಗುರುತು ಹಿಡೀತದ. ಅದಕ್ಕ ಕಾರಣ ಹೆಣ್ಣು-ಗಂಡು ಅಲ್ಲ, ಬೆರಳಿನ ಅಳತಿ. ಸಣ್ಣ ಬೆರಳಿನಾಗ ಸ್ಪರ್ಶ ತಿಳಿಸೋ ಕಣಗಳು ಒತ್ತೊತ್ತಾಗಿ ಕೂತಿರ್ತಾವ. ಅಷ್ಟಽ ಸಣ್ಣ ಬೆರಳಿದ್ದ ಗಂಡಸಿಗೂ ಅಷ್ಟಽ ಗೊತ್ತಾಗ್ತದ. ಜ್ವಾಳ ಹಸನ ಮಾಡೋವಾಗ ಕಣ್ಣಿಗೆ ಕಾಣದ ಹರಳು ನಮ್ಮ ಬೆರಳಿಗೆ ಹೆಂಗ ಸಿಗತದ ಅಂದ್ರ ಹಿಂಗ.

ಹಂಗಾದ್ರ ರೂಢಿಗೆ ಬೆಲಿ ಇಲ್ಲೇನು? ಅದ, ಭಾಳ ಅದ. 1995ರಾಗ ಜರ್ಮನಿಯೊಳಗ ವಯೋಲಿನ್, ಚೆಲ್ಲೋದಂಥಾ ತಂತಿವಾದ್ಯ ನುಡಿಸೋರ ಮಿದುಳು ಪರೀಕ್ಷಾ ಮಾಡಿದ್ರು. ತಂತಿ ಒತ್ತೋ ಎಡಗೈ ಬೆರಳುಗಳ ಸುದ್ದಿ ತಗೊಳ್ಳೋ ಜಾಗಾ ಉಳಿದವರ ಮಿದುಳಿಗಿಂತ ಅವರ ಮಿದುಳಿನಾಗ ದೊಡ್ಡದಿತ್ತು. ಸಣ್ಣ ವಯಸ್ಸಿನಾಗ ಕಲತವರಿಗೆ ಇನ್ನೂ ದೊಡ್ಡದು. ಎಡಗೈಗೆ ಕೆಲಸ ಕೊಟ್ರು, ಎಡಗೈ ಬೆಳೀತು, ಅಷ್ಟಽ ಕತಿ. ನಮ್ಮ ಕಡೆ ಸಿತಾರ, ವೀಣಾ ನುಡಿಸೋರೂ ಎಡಗೈಲೇ ಸ್ವರ ಹುಡುಕ್ತಾರಲ್ಲ.

ಸಿತಾರ ದೂರ ಉಳೀತು, ಅಡಗಿಮನಿಗೇ ಬರ್ರಿ. ಬದನಿಕಾಯಿ ಹೆಚ್ಚೋವಾಗ ಚಾಕು ಬಲಗೈಯಾಗ, ಖರೆ. ಕಾಯಿ ಎಷ್ಟು ಮೆತ್ತಗದ, ಚಾಕು ಬೆರಳಿಗೆ ಎಷ್ಟು ಹತ್ತಿರ ಬಂತು ಅಂತ ನೋಡಿಕೊಳ್ಳೋದು ಎಡಗೈ. ಹೂ ಕಟ್ಟೋವಾಗ ದಾರ ಸುತ್ತೋದು ಒಂದು ಕೈ, ತೊಟ್ಟು ಮುರೀದಂಗ ಹಿಡಿಯೋದು ಇನ್ನೊಂದು ಕೈ. ಹೋಳಿಗಿ ಕಣಕ ಎಡಗೈಯಾಗ ಹರವಿ ಹೂರಣ ತುಂಬತೇವಿ, ಕಣಕ ಎಲ್ಲಿ ತೆಳ್ಳಗಾತು, ಎಲ್ಲಿ ಹರೀತದ ಅಂತ ಮೊದಲು ತಿಳಿಯೋದು ಎಡ ಅಂಗೈಗೆ. ನಮ್ಮ ಧಾರವಾಡದ ಕಸೂತಿಯಂತೂ ಇದಕ್ಕ ಸಾಕ್ಷಿ. ಕಸೂತ್ಯಾಗ ಬಟ್ಟಿ ಮ್ಯಾಲೆ ಚಿತ್ರ ಬರಕೊಳ್ಳಂಗಿಲ್ಲ, ಎಳಿ ಎಣಿಸಿ ಹಾಕ್ತಾರ, ಗಂಟು ಸುದ್ದಾ ಹಾಕಂಗಿಲ್ಲ. ಗವಂತಿ, ಮುರ್ಗಿ ಹೊಲಿಗಿ ಹಿಂದ-ಮುಂದ ಒಂದಽ ರೀತಿ ಕಾಣಬೇಕು. ಮ್ಯಾಲೆ ಬಲಗೈ ಸೂಜಿ ಹಾಕ್ತದ, ಬಟ್ಟಿ ಕೆಳಗ ಕಣ್ಣಿಗೆ ಕಾಣದ ಜಾಗಾದಾಗ ಎಡಗೈ ಸೂಜಿ ಮೊನಿ ಹುಡುಕಿ ತಿರುಗಿ ಕಳಸ್ತದ. ಹೆಸರು ಬಲಗೈಗೆ, ಅರ್ಧಾ ಕಸೂತಿ ಎಡಗೈದು.

ಇಲ್ಲೇ ಒಂದು ಮಾತು ಹೇಳಿಬಿಡತೇನಿ. ನೂರು ಮಂದ್ಯಾಗ ಸುಮಾರು ಹತ್ತು ಮಂದಿ ಹುಟ್ಟತಲೇ ಎಡಚರು. ಅದು ಕೂಸಿನ ಹಟ ಅಲ್ಲ, ಮಿದುಳಿನ ಜೋಡಣಿ. ಊಟದ ಕೈ, ಆರತಿ ಕೈ ಬಲಗೈ ಇರಲಿ ಅಂತ ಪ್ರೀತಿಲೇ ಕಲಸ್ರಿ, ಕೂಸು ಕಲೀತದ. ಆದ್ರ ಪೆನ್ಸಿಲ್ ಹಿಡಿದ ಎಡಗೈ ಮ್ಯಾಲೆ ಪೆಟ್ಟು ಹಾಕಬ್ಯಾಡ್ರಿ. ನಮ್ಮ ಅಜ್ಜಿಯಂದಿರ ಕಾಲಕ್ಕ ಹಾಕ್ತಿದ್ರು, ಈಗ ಅದನ್ನ ಮುಂದುವರಿಸೋ ಕಾರಣ ಒಂದೂ ಇಲ್ಲ.

ಈಗ ಮುಖ್ಯ ಮಾತಿಗೆ ಬರತೇನಿ. ಎರಡೂ ಕೈ ಖಬರು ಸರಿಸುಮಾರು ಸಮ ಅಂದಮ್ಯಾಲೆ, ಒಂದು ಕೈ ಇನ್ನೊಂದಕ್ಕ ಅಳತಿಗೋಲು ಆತು ನೋಡ್ರಿ. ದೇವರು ಪುಕ್ಕಟೆ ಕೊಟ್ಟ ಅಳತಿಗೋಲು. ‘ಬಲಗೈಲೆ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು’ ಅಂತಾರ. ದಾನಕ್ಕ ಆ ಮಾತು ಭಾಳ ಛಲೋ. ಮೈಗೆ ಮಾತ್ರ ಉಲ್ಟಾ: ಬಲಗೈಗೆ ಏನಾಗಲಿಕತ್ತದ ಅಂತ ಎಡಗೈಗೆ ಗೊತ್ತಿರಬೇಕು.

ಪರೀಕ್ಷಾ ಹಿಂಗ ಮಾಡ್ರಿ. ಬತ್ತಿ ಮಾಡೋ ಹತ್ತಿ ಒಂದು ಎಳಿ ತಗೋರಿ. ಕಣ್ಣು ಮುಚ್ಚಿ ಕೂಡ್ರಿ, ಮಗಳಿಗೋ ಸೊಸಿಗೋ ಬಾಜೂ ಮನಿ ವೈನಿಗೋ ಹೇಳಿ ಹತ್ತೂ ಬೆರಳಿಗೆ ಒಂದೊಂದಾಗಿ ಹಗೂರಕ ತಾಗಸ್ಲಿಕ್ಕೆ ಹಚ್ರಿ. ಎಡಗೈ ಹೆಬ್ಬೆರಳಿಗೆ ಹೆಂಗ ಗೊತ್ತಾತೋ ಬಲಗೈ ಹೆಬ್ಬೆರಳಿಗೂ ಹಂಗಽ ಗೊತ್ತಾಗಬೇಕು. ಆಮ್ಯಾಲೆ ಒಂದು, ಎರಡು, ಐದು ರೂಪಾಯಿ ನಾಣ್ಯ ಒಂದೊಂದಽ ಕೈಯಾಗ ಇಟ್ಟು ಯಾವುದಂತ ಕೇಳ್ರಿ. ಬಲಗೈ ಲಗೂ ಹೊರಳಿಸಿ ಲಗೂ ಹೇಳತದ, ಎಡಗೈ ಸಾವಕಾಶ ಹೇಳತದ. ಅದು ರೂಢಿಯ ಫರಕು, ಚಿಂತಿ ಇಲ್ಲ. ಎಡಚರಿಗೆ ಇದು ತಿರುಗಾಮುರುಗಾ ಇರತದ. ಆದ್ರ ಒಂದು ಕೈಗೆ ಹತ್ತಿ ತಾಗಿದ್ದಽ ಗೊತ್ತಾಗಲಿಲ್ಲ, ಇಲ್ಲಾ ಕೈಗವಸು ಹಾಕ್ಕೊಂಡು ಮುಟ್ಟಿದಂಗ ಮಂದ ಅನಸ್ತು ಅಂದ್ರ, ಅದು ಎಡ-ಬಲದ ಸಹಜ ಫರಕು ಅಲ್ಲ. ಅದು ನರದ ದೂರು.

ಒಂದು ಎಚ್ಚರಿಕಿ. ಭಾಂಡಿ ತಿಕ್ಕಿ ಬಂದ ಕೂಡಲೇ, ಹಂಚಿನ ಮುಂದಿಂದ ಎದ್ದ ಕೂಡಲೇ ಈ ಪರೀಕ್ಷಾ ಮಾಡಬ್ಯಾಡ್ರಿ. ಒಂದು ಕೈ ತಣ್ಣೀರಿನಾಗ, ಒಂದು ಕೈ ಬಿಸಿನೀರಿನಾಗ ಸ್ವಲ್ಪ ಹೊತ್ತು ಇಟ್ಟು, ಆಮ್ಯಾಲೆ ಎರಡೂ ಕೈ ಒಂದಽ ಉಗುರುಬೆಚ್ಚಗಿನ ನೀರಿನಾಗ ಅದ್ದಿದ್ರ, ಒಂದಕ್ಕ ಬಿಸಿ ಅನಸ್ತದ, ಒಂದಕ್ಕ ತಣ್ಣಗ ಅನಸ್ತದ. ನೀರು ಒಂದಽ! ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಮುನ್ನೂರು ವರ್ಷದ ಹಿಂದಽ ಇದನ್ನ ಬರದಿಟ್ಟಾನ. ಅದಕ್ಕಽ ಕೂಸಿಗೆ ಎರೆಯೋ ನೀರು ಅಂಗೈಲೆ ನೋಡಬಾರದು, ಮೊಳಕೈಲೆ ನೋಡಬೇಕು ಅಂತಾರ. ಅಂಗೈ ಬಿಸಿ ತಿಂದು ತಿಂದು ಗಟ್ಟಿಯಾಗಿರತದ, ಮೊಳಕೈ ಖರೆ ಹೇಳತದ.

ನನಗ ಸಿಟ್ಟು ಬರೋ ಮಾತು ಒಂದದ. ‘ಕೈ ಜೋಮು ಹಿಡೀತದ’ ಅಂತ ಯಾವಾಕಿಯರೆ ಅಂದ್ರ ಸಾಕು, ಸುತ್ತ ಕೂತವರು ‘ದುಡಿದ ಕೈ ನೋಡವಾ, ಹಂಗಽ ಆಗ್ತದ’ ಅಂತ ಹೇಳಿ ಮುಗಿಸಿಬಿಡತಾರ. ಆಕೀನೂ ಹೌದಂತ ಸುಮ್ಮನಾಗ್ತಾಳ. ಮಾವನವರ ಬಿಪಿ ಗುಳಿಗಿ ತಪ್ಪಂಗಿಲ್ಲ, ಮಗನ ಪರೀಕ್ಷಾ ತಪ್ಪಂಗಿಲ್ಲ, ಆಕಿ ಕೈ ಮಾತ್ರ ದೀಪಾವಳಿ ಮುಗೀಲಿ, ಲಗ್ನ ಮುಗೀಲಿ ಅಂತ ಮುಂದಕ್ಕ ಹೋಗ್ತದ. ಜೋಮು ದುಡಿದ ಕೈಗೆ ಸಿಗೋ ಪಗಾರ ಅಲ್ರೀ. ದುಡಿದ ಕೈಗೆ ದಣಿವು ಬರಬೇಕು, ರಾತ್ರಿ ಮಲಗಿ ಎದ್ರ ಹೋಗಬೇಕು. ಮಲಗಿದಾಗಲೇ ಹೆಚ್ಚಾಗೋದು ದಣಿವು ಅಲ್ಲ.

ರಾತ್ರಿ ಎರಡು-ಮೂರು ಗಂಟೆಕ್ಕ ಜುಮುಜುಮು ಅಂತ ಎಚ್ಚರಾಗಿ, ಕೈ ಝಾಡಿಸಿ ಝಾಡಿಸಿ ಮತ್ತ ಮಲಗೋ ಹೆಣ್ಣುಮಕ್ಕಳು ನಮ್ಮೊಳಗ ಎಷ್ಟು ಮಂದಿ ಇದ್ದೀರಿ ಅಂತ ಎಣಿಸಿ ನೋಡ್ರಿ. ಇದಕ್ಕ ಡಾಕ್ಟರು ಕಾರ್ಪಲ್ ಟನಲ್ ಅಂತಾರ. ಮಣಿಕಟ್ಟಿನಾಗ ಒಂದು ಸಣ್ಣ ಸುರಂಗ ಅದ. ಬೆರಳು ಮಡಚೋ ಒಂಬತ್ತು ಹಗ್ಗ ಅದರೊಳಗಿಂದ ಹೋಗ್ತಾವ, ಅವುಗಳ ನಡುವ ಒಂದು ನರ. ಬಾವು ಬಂದು ಜಾಗಾ ಇಕ್ಕಟ್ಟಾದ್ರ ನರ ಅದುಮತದ. ಗಂಡಸರಿಗಿಂತ ಹೆಣ್ಣುಮಕ್ಕಳಿಗೇ ಇದು ಹೆಚ್ಚು. ಬಸುರಿದ್ದಾಗ, ಥೈರಾಯ್ಡ್ ಇದ್ದಾಗ, ಸಕ್ರಿ ಬ್ಯಾನಿ ಇದ್ದಾಗ ಇನ್ನೂ ಹೆಚ್ಚು. ಎರಡೂ ಕೈಗೆ ಬರಬಹುದು, ಆದ್ರ ಭಾಳ ಮಂದಿಗೆ ರೂಢಿ ಕೈಯಾಗಽ ಮೊದಲು.

ಗುರುತು ಸುಲಭ ಅದ. ಹೆಬ್ಬೆರಳು, ತೋರಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧಾ, ಇಷ್ಟಕ್ಕ ಜೋಮು. ಕಿರುಬೆರಳು ಮಾತ್ರ ಆರಾಮ ಇರತದ. ಹಂಗಽ ಬಿಟ್ರ ಹೆಬ್ಬೆರಳ ಬುಡದ ಉಬ್ಬು ಇಳೀತದ, ಬಟ್ಟಲ ಕೈಯಿಂದ ಜಾರತದ, ಕುಬಸದ ಹುಕ್ಕು ಹಾಕ್ಲಿಕ್ಕೆ ಬರಂಗಿಲ್ಲ. ಲಗೂ ಹೋದ್ರ ರಾತ್ರಿ ಮಣಿಕಟ್ಟು ನೆಟ್ಟಗ ಹಿಡಿಯೋ ಪಟ್ಟಿ ಕಟ್ಟಿಕೊಂಡ್ರಽ ಎಷ್ಟೋ ಮಂದಿಗೆ ಕಡಿಮಿ ಆಗ್ತದ. ತಡಾ ಮಾಡಿದ್ರ ಇಂಜೆಕ್ಷನ್, ಸಣ್ಣ ಆಪರೇಷನ್. ಭಾಳ ತಡಾ ಮಾಡಿದ್ರ ಆಪರೇಷನ್ ಆದ್ರೂ ಹೋದ ಖಬರು ಪೂರಾ ತಿರುಗಿ ಬರಲಿಕ್ಕಿಲ್ಲ.

ಕಿರುಬೆರಳಿಗೇ ಜೋಮು ಬಂದ್ರ ಅದು ಬ್ಯಾರೆ ನರ, ಮೊಳಕೈ ಕಡೆ ಹಾಯೋದು, ಅದನ್ನೂ ತೋರಸ್ರಿ. ಮೈಮ್ಯಾಲೆ ಬಿಳಚಿದ ಇಲ್ಲಾ ಕೆಂಪಾದ ಮಚ್ಚಿ ಇದ್ದು, ಅದರ ಮ್ಯಾಲೆ ಹತ್ತಿ ಆಡಿಸಿದ್ರ ಗೊತ್ತಾಗದಿದ್ರ ಕುಷ್ಠರೋಗ ಇರಬಹುದು. ಹೆಸರು ಕೇಳಿ ಅಂಜಬ್ಯಾಡ್ರಿ, ಮುಚ್ಚಿಡಲೂಬ್ಯಾಡ್ರಿ. ಸರಕಾರಿ ದವಾಖಾನ್ಯಾಗ ಔಷಧ ಪುಕ್ಕಟೆ, ಆರು ಇಲ್ಲಾ ಹನ್ನೆರಡು ತಿಂಗಳು ತಗೊಂಡ್ರ ಗುಣ ಆಗ್ತದ. ಮತ್ತ ಇದ್ದಕ್ಕಿದ್ದಂಗ ಒಂದು ಮಗ್ಗಲ ಕೈ-ಕಾಲು ಜೋಮು ಹಿಡಿದು, ಬಾಯಿ ಸೊಟ್ಟಾಗಿ, ಮಾತು ತೊದಲಿದ್ರ ಅದು ಲಕ್ವಾ. ಎಣ್ಣಿ ತಿಕ್ಕಿ ಕೂಡಬ್ಯಾಡ್ರಿ, 108ಕ್ಕ ಫೋನ್ ಹಚ್ರಿ. ಹೆಪ್ಪು ಕರಗಿಸೋ ಇಂಜೆಕ್ಷನ್ ನಾಲ್ಕೂವರಿ ತಾಸಿನೊಳಗ ಕೊಟ್ರಽ ಕೆಲಸ ಮಾಡ್ತದ.

ಇಷ್ಟೆಲ್ಲಾ ಒಂದು ಮಗ್ಗಲಿನ ಕತಿ. ಇವಕ್ಕ ಎಡ-ಬಲ ಹೋಲಿಸೋ ಅಳತಿಗೋಲು ಸಾಕು. ಆದ್ರ ಈ ಅಳತಿಗೋಲು ಸೋಲೋ ಒಂದು ಜಾಗಾ ಅದ, ನಮ್ಮ ಹಿರೇರ ಕಾಲು. ಸಕ್ರಿ ಬ್ಯಾನಿ ಭಾಳ ವರ್ಷ ಇದ್ದವರಿಗೆ ಕಾಲ ಬೆರಳಿನಿಂದ ಶುರುವಾಗಿ, ಕಾಲುಚೀಲ ಹಾಕ್ಕೊಂಡಂಗ ಮ್ಯಾಲೆ ಮ್ಯಾಲೆ ಖಬರು ಹೋಗ್ತಾ ಬರತದ. ಅದೂ ಎರಡೂ ಕಾಲಿಗೆ ಸಮಸಮ. ಎಡಗಾಲು ಬಲಗಾಲು ಹೋಲಿಸಿದ್ರ ಎರಡೂ ಒಂದಽ ಇರತಾವ, ‘ನನಗೇನೂ ಆಗಿಲ್ಲ’ ಅನಸ್ತದ. ಇಬ್ಬರೂ ಸಾಕ್ಷಿಗಳು ಕೂಡೇ ಮೂಕರಾದಂಗ. ಹಾಲು-ಮೊಸರಿನಾಗಽ ಇರೋ ನಮ್ಮಂಥ ಸಸ್ಯಾಹಾರಿಗಳಿಗೆ ಬಿ-12 ಕಡಿಮಿ ಆದಾಗಲೂ ಹಿಂಗ ಎರಡೂ ಕಾಲು ಮಂದ ಆಗಬಹುದು, ಅದು ರಕ್ತ ಪರೀಕ್ಷಾದಾಗ ಗೊತ್ತಾಗ್ತದ.

ಖಬರಿಲ್ಲದ ಕಾಲಿನ ಗಂಡಾಂತರ ನೋವಲ್ಲ, ನೋವಿಲ್ಲದ್ದಽ ಗಂಡಾಂತರ. ಚಪ್ಪಲಿಯೊಳಗ ಹರಳು ಸಿಕ್ರೂ ಗೊತ್ತಾಗಂಗಿಲ್ಲ. ಬ್ಯಾಸಿಗಿ ಮಧ್ಯಾಹ್ನ ಗುಡಿ ಅಂಗಳದ ಫರ್ಸಿ ಮ್ಯಾಲೆ ಬರಿಗಾಲಿಲೆ ಪ್ರದಕ್ಷಿಣಿ ಹಾಕಿ ಬರತಾರ, ಮನಿಗೆ ಬಂದಮ್ಯಾಲೆ ಅಂಗಾಲಿನಾಗ ಗುಳ್ಳಿ ಎದ್ದದ್ದು ಬ್ಯಾರೆಯವರು ನೋಡಿ ಹೇಳಬೇಕು. ಹಂಥವರು ಹೊತ್ತು ಏರೋದರೊಳಗ ಗುಡಿಗೆ ಹೋಗಿ ಬರ್ರಿ, ದೇವರಿಗೂ ಬೇಜಾರಿಲ್ಲ. ಬಚ್ಚಲದಾಗ ನೀರಿನ ಬಿಸಿ ಕಾಲಿಲೆ ನೋಡಬ್ಯಾಡ್ರಿ, ಮೊಳಕೈಲೆ ನೋಡ್ರಿ. ಕಾಲಿಗೆ ಬಿಸಿನೀರಿನ ಚೀಲ ಇಟಗೊಂಡು ಮಲಗಬ್ಯಾಡ್ರಿ. ದಿನಾ ರಾತ್ರಿ ಅಂಗಾಲು, ಬೆರಳ ಸಂದಿ ನೋಡಿಕೊಳ್ರಿ, ಬಗ್ಗಲಿಕ್ಕೆ ಆಗದಿದ್ರ ಕನ್ನಡಿ ಇಟ್ಟು ನೋಡ್ರಿ.

ಇಂಥಾ ಕಾಲಿಗೆ ಸಾಕ್ಷಿ ಅಂದ್ರ ಇನ್ನೊಬ್ಬರ ಬೆರಳು. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಡಾಕ್ಟರು ಮನಿ ಮಂದಿನೂ ಮಾಡೋ ಅಂಥಾ ಒಂದು ಪರೀಕ್ಷಾ ಹಾಕಿಕೊಟ್ಟಾರ. ಯಾವ ಸಾಮಾನೂ ಬೇಕಿಲ್ಲ. ಹಿರೇರು ಕಣ್ಣು ಮುಚ್ಚಬೇಕು. ನೀವು ನಿಮ್ಮ ತೋರಬೆರಳಿಲೆ ಅವರ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿ ಒಂದೊಂದಽ ಮುಟ್ಟಬೇಕು. ಸಾಮಾನ್ಯವಾಗಿ ಕಾಲುಂಗರ ಇರೋ ಬೆರಳು ಬಿಟ್ಟು ಅಂತ ನೆನಪಿಟ್ಟುಕೊಳ್ರಿ. ಹಗೂರಕ, ಒಂದೆರಡು ಸೆಕೆಂಡು ಅಷ್ಟಽ. ಒತ್ತಬಾರದು, ಬಡೀಬಾರದು, ಚಿವುಟಬಾರದು. ಗೊತ್ತಾದ್ರ ‘ಎಡ’ ಇಲ್ಲಾ ‘ಬಲ’ ಅಂತ ಅವರು ಹೇಳಬೇಕು. ಎರಡೂ ಕಾಲು ಕೂಡಿ ಆರು ಜಾಗಾ. ಆರರಾಗ ಎರಡು ಇಲ್ಲಾ ಅದಕ್ಕಿಂತ ಹೆಚ್ಚು ಗೊತ್ತಾಗಲಿಲ್ಲ ಅಂದ್ರ ಡಾಕ್ಟರ ಕಡೆ ಹೋಗಬೇಕು. ಅಲ್ಲಿ ಹತ್ತು ಗ್ರಾಂ ಭಾರಕ್ಕ ಬಾಗೋ ಒಂದು ನೈಲಾನ್ ಎಳಿಲೆ ಇನ್ನೂ ಸರಿಯಾಗಿ ನೋಡ್ತಾರ. ಸಕ್ರಿ ಬ್ಯಾನಿ ಇದ್ದವರು ವರ್ಷಕ್ಕ ಒಮ್ಮೆಯರೆ ಆ ಪರೀಕ್ಷಾ ಮಾಡಿಸಲೇಬೇಕು, ಮನ್ಯಾಗ ಎಲ್ಲಾ ಛಲೋ ಬಂದ್ರೂ.

‘ಇಷ್ಟೆಲ್ಲಾ ನೆನಪಿಟ್ಟು ಮಾಡೋರು ಯಾರವಾ’ ಅಂತ ನಮ್ಮ ಮಾವಶಿಯಂಥವರು ಕೇಳೇ ಕೇಳತಾರ. ನನ್ನ ಕಡೆ ಉತ್ತರ ಅದ. ಹುಣ್ಣಿವಿಗೆ ಕೈ, ಅಮಾಸಿಗೆ ಕಾಲು. ತಿಥಿ ಮರೆಯೋ ಹೆಣ್ಣುಮಗಳು ನಮ್ಮ ಪೈಕಿ ಇನ್ನೂ ಹುಟ್ಟಿಲ್ಲ. ಹುಣ್ಣಿವಿ ದಿನ ಬತ್ತಿ ಹೊಸದಮ್ಯಾಲೆ ಉಳಿದ ಹತ್ತಿಲೆ ಮನಿ ಹೆಣ್ಣುಮಕ್ಕಳು ಒಬ್ಬರ ಕೈ ಒಬ್ಬರು ನೋಡ್ರಿ, ಐದು ಮಿನಿಟಿನ ಕೆಲಸ. ಅಮಾಸಿ ದಿನ ಅತ್ತಿ-ಮಾವನವರ ಕಾಲು ನೋಡ್ರಿ. ಹಬ್ಬಕ್ಕ ಹೆಂಗೂ ಕಾಲು ಮುಟ್ಟಿ ನಮಸ್ಕಾರ ಮಾಡತೇವಿ, ಹಂಗಽ ಒಂದು ನಿಮಿಷ ಕೂತು ಆರು ಬೆರಳು ಮುಟ್ಟಿದ್ರ ಅದೂ ಒಂದು ಸೇವಾನಽ. ಅತ್ತಿಯವರು ಸಂಕೋಚ ಮಾಡಿಕೊಂಡ್ರ ಮೊದಲು ನಿಮ್ಮ ಕಾಲು ಮುಂದ ಮಾಡ್ರಿ, ಆಮ್ಯಾಲೆ ಅವರೂ ಒಪ್ಪತಾರ.

ಮತ್ತ ಒಂದು ಕೆಲಸ ಗಂಡಸರಿಗೂ ಹಂಚ್ರಿ. ದವಾಖಾನಿಗೆ ಹೋಗೋ ದಿನ ಭಕ್ಕರಿ ಯಾರು ಬಡೀತಾರ ಅನ್ನೋದು ನಮ್ಮ ಚಿಂತಿ ಆಗಿ ಉಳಿದಿರೋ ತನಕ ನಮ್ಮ ಕೈ ಸರದಿ ಬರಂಗಿಲ್ಲ. ಒಂದು ದಿನ ಖಾನಾವಳಿಯಿಂದ ತಂದು ಉಂಡ್ರ ಯಾರ ಹೊಟ್ಟಿನೂ ಕೆಡಂಗಿಲ್ಲ.

ಬರೋ ಹುಣ್ಣಿವಿಗೆ ಪರೀಕ್ಷಾ ಮಾಡಿ, ಯಾರ ಯಾವ ಬೆರಳು ಏನಂತು ಅಂತ ನನಗ ಫೋನ್ ಮಾಡಿ ಹೇಳ್ರಿ. ‘ಅಯ್ಯ, ಏನಿಲ್ಲ ಬಿಡ, ಸ್ವಲ್ಪ ಜೋಮು’ ಅಂದ್ರ ಮಾತ್ರ ನಾ ಬಿಡೋಕಿ ಅಲ್ಲ. ಯಾವ ಬೆರಳು, ಯಾವ ಹೊತ್ತಿನಾಗ ಅಂತ ಕೇಳೇ ಕೇಳತೇನಿ.